ಬೋರ್ಡೋ ಡ್ರಮ್ಮಿಗೆ ಬಿದ್ದ ಫೋನು, ಎರಡು ನಂಬರಿನ ಪೇಚಾಟ

ಜುಲೈ ತಿಂಗಳು. ಎರಡು ದಿನ ಮಳೆ ಬಿಟ್ಟಿತ್ತು. ಅಡಿಕೆಗೆ ಎರಡನೇ ಸಲ ಬೋರ್ಡೋ, ಅಂದರೆ ಕೊಳೆರೋಗದ ಮದ್ದು ಬಿಡಲು ಅಂಥ ಬಿಡುವು ಸಿಕ್ಕರೆ ಊಟವನ್ನೂ ಮುಂದೆ ಹಾಕಬೇಕಾಗುತ್ತದೆ. 200 ಲೀಟರಿನ ಡ್ರಮ್ಮಿನಲ್ಲಿ ಸುಣ್ಣದ ನೀರು ಮಾಡಿಟ್ಟು, ಎರಡು ಕಿಲೋ ಮೈಲುತುತ್ತು ಕರಗಿಸಿದ ನೀರನ್ನು ಅದಕ್ಕೆ ನಿಧಾನಕ್ಕೆ ಹೊಯ್ಯುತ್ತಾ ಕೋಲಿನಲ್ಲಿ ತಿರುಗಿಸುತ್ತಿದ್ದೆ. ಆಚೆ ಬದಿಯಲ್ಲಿ ಮರದ ಎತ್ತರಕ್ಕೆ ಮದ್ದು ಬಿಡುವ ಉದ್ದ ಕೋಲು, ಕಾರ್ಬನ್ ಫೈಬರ್ ದೋಟಿ ಹಿಡಿದವನು ಪೈಪು ಜೋಡಿಸುತ್ತಿದ್ದ. ಚೆನ್ನಾಗಿ ಕದಡಿತೋ ಅಂತ ನಾನು ಡ್ರಮ್ಮಿನ ಒಳಗೆ ಬಗ್ಗಿದೆ. ಅಂಗಿಯ ಕಿಸೆಯಿಂದ ಫೋನು ಜಾರಿತು. ಬುಳುಂಕ್.

ಹೆಗಲವರೆಗೆ ಕೈ ಹಾಕಿ ತೆಗೆದೆ. ಕೈಯೂ ಫೋನೂ ಒಂದೇ ಬಣ್ಣ, ಆಕಾಶನೀಲಿ.

ಮನೆಗೆ ತಂದರೆ ಹೆಂಡತಿ ಮೊದಲು ಹೇಳಿದ್ದೇ, "ಅಕ್ಕಿ ಡಬ್ಬಕ್ಕೆ ಹಾಕ್ಬೇಡಿ ಮತ್ತೆ. ಮದ್ದಿನ ಫೋನು ಇಟ್ಟ ಅಕ್ಕಿ ನಾಳೆ ನಾವೇ ಉಣ್ಣುದಾ?" ಸರಿಯಾದ ಮಾತೇ. ಫೋನನ್ನು ಅಟ್ಟದ ಮೇಲೆ, ಒಲೆಯ ಬಿಸಿ ತಾಗುವಲ್ಲಿ ಇಟ್ಟೆವು. ಎರಡು ದಿನ ಕಳೆದು ನೋಡಿದರೆ ಚಾರ್ಜಿಂಗ್ ತೂತಿನೊಳಗೆ ಹಸಿರು ಕಿಲುಬು. ಅದರ ಕಥೆ ಅಲ್ಲಿಗೆ ಮುಗಿಯಿತು. ಸಿಮ್ ಎರಡನ್ನೂ ಬಟ್ಟೆಯಲ್ಲಿ ಉಜ್ಜಿದೆ. ಅವಕ್ಕೆ ಏನೂ ಆಗಿರಲಿಲ್ಲ.

ಎರಡು ಸಿಮ್ ಯಾಕೆ ಅಂತ ನಮ್ಮ ಕಡೆಯವರು ಯಾರೂ ಕೇಳುವುದಿಲ್ಲ. ಆದರೂ ಹೇಳುತ್ತೇನೆ. ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಚೆರ್ಕಳದಿಂದ ಕಲ್ಲಡ್ಕಕ್ಕೆ ಹೋಗುವ ದಾರಿಯಲ್ಲಿ ಪೆರ್ಲ ಕಳೆದು ಸ್ವಲ್ಪ ಮುಂದೆ ಹೋದರೆ ಸಾರಡ್ಕ. ಅಲ್ಲಿಂದಾಚೆ ಕರ್ನಾಟಕ, ಅಡ್ಯನಡ್ಕ, ವಿಟ್ಲ. 1956ರ ನವೆಂಬರ್ 1ಕ್ಕೆ ಗಡಿ ಎಳೆದವರು ನಮ್ಮ ನೆಂಟಸ್ತಿಕೆಯನ್ನು ಕೇಳಿ ಎಳೆದದ್ದಲ್ಲವಲ್ಲ. ಬ್ಯಾಂಕು, ರೇಷನ್ ಕಾರ್ಡು, ಕರೆಂಟ್ ಬಿಲ್ಲು, ಸರಕಾರಿ ಆನ್‌ಲೈನ್ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರದ ಒಟಿಪಿ, ಪಂಚಾಯತಿನ ಕರೆ, ಇವೆಲ್ಲ ಕೇರಳದ ಬಿಎಸ್ಸೆನ್ನೆಲ್ ನಂಬರಿಗೆ. ಹೆಂಡತಿಯ ತವರು, ಮಗಳ ಕಾಲೇಜು, ಮಂಗಳೂರಿನ ಆಸ್ಪತ್ರೆಯ ಫೈಲು, ಅಡಿಕೆ ವ್ಯಾಪಾರದ ಮಾತು, ಇವೆಲ್ಲ ಕರ್ನಾಟಕದ ಜಿಯೋ ನಂಬರಿಗೆ. ಒಂದಕ್ಕೆ ಮಲಯಾಳದಲ್ಲಿ ಮೆಸೇಜು ಬರುತ್ತದೆ, ಇನ್ನೊಂದಕ್ಕೆ ಕನ್ನಡದಲ್ಲಿ. ನನ್ನ ಮಲಯಾಳ ಓದು ಸ್ವಲ್ಪ ನಿಧಾನ. ಒಟಿಪಿ ಮಾತ್ರ ಯಾವ ಭಾಷೆಯಲ್ಲಿ ಬಂದರೂ ಆರು ಅಂಕೆಯೇ, ಹಾಗಾಗಿ ಬದುಕಿದೆ.

"ಒಂದನ್ನು ಬಿಟ್ಟುಬಿಡಿ ಮಾವ" ಎಂದ ಬೆಂಗಳೂರಿನಲ್ಲಿರುವ ಅಳಿಯ, ಅಕ್ಕನ ಮಗ. ಯಾವುದನ್ನು ಅಂತ ಕೇಳಿದೆ. ಅವನಿಗೂ ಹೇಳಲು ಬರಲಿಲ್ಲ.

ಸದ್ಯಕ್ಕೆ ಮೇಜಿನ ಡ್ರಾಯರಿನಲ್ಲಿದ್ದ ಹಳೆಯ ಕೀಪ್ಯಾಡ್ ಫೋನಿಗೆ ಜೀವ ಕೊಟ್ಟೆ. ಬಿಎಸ್ಸೆನ್ನೆಲ್ ಹಾಕಿದ ಕೂಡಲೇ ಕಡ್ಡಿ ಬಂತು. ಜಿಯೋ ಹಾಕಿದರೆ ಏನಿಲ್ಲ. ಫೋನು ಕೆಟ್ಟಿದೆ ಅಂತ ಅದನ್ನು ಒಂದೆರಡು ಸಲ ಅಂಗೈಗೆ ಬಡಿದೂ ನೋಡಿದೆ. ಅಳಿಯನೇ ಹೇಳಿದ್ದು: 2016ರಲ್ಲಿ ಶುರುವಾದ ಜಿಯೋಗೆ 2ಜಿ, 3ಜಿ ಅನ್ನುವುದೇ ಇಲ್ಲ, ಅದು ಹುಟ್ಟಿದ್ದೇ 4ಜಿಯಲ್ಲಿ. 2ಜಿ ಮಾತ್ರ ಗೊತ್ತಿರುವ ಫೋನಿಗೆ ಅದನ್ನು ಹಾಕಿದರೆ ಕಲ್ಲು ಹಾಕಿದ ಹಾಗೆ. ಜಿಯೋ ಹೆಂಡತಿಯ ಫೋನಿಗೆ ಹೋಯಿತು. ಮುಂದಿನ ಹನ್ನೊಂದು ದಿನ ನನ್ನ ಅರ್ಧ ನೆಂಟರ ಜೊತೆ ಅವಳೇ ಮಾತಾಡಿದಳು. ಅವರಿಗೇನೂ ಬೇಸರ ಆದ ಹಾಗೆ ಕಾಣಲಿಲ್ಲ.

ಹೊಸ ಫೋನು ಯಾಕೆ ತೆಗೆಯಲಿಲ್ಲ? ಹತ್ತು ಸಾವಿರದ ಒಳಗೆ ಹೊಸದು ಸಿಗುತ್ತದೆ, ಎರಡು ಸಿಮ್ಮೂ ಇರುತ್ತದೆ. ಆದರೆ ಆ ದರದ ಹೊಸ ಫೋನು ಆರು ತಿಂಗಳಿಗೆ ಮುದಿ ಎತ್ತಿನ ಹಾಗೆ ಆಗುತ್ತದೆ ಅನ್ನುವುದು ನನ್ನ ಅನುಭವ. ಅದೇ ದುಡ್ಡಿಗೆ ಮೂರು ವರ್ಷ ಹಿಂದಿನ, ಆಗ ಇಪ್ಪತ್ತು ಸಾವಿರ ಇದ್ದದ್ದು ಸಿಕ್ಕರೆ ಲಾಭ ಅಲ್ವಾ? ಜಿಪುಣತನವೂ ಇದೆ, ಇಲ್ಲ ಅನ್ನುವುದಿಲ್ಲ. ಮತ್ತೊಂದು ಡ್ರಮ್ಮು ಮುಂದಿನ ವರ್ಷವೂ ಇರುತ್ತದಲ್ಲ.

ನಮ್ಮ ಪೇಟೆಯಲ್ಲಿ ಎಲ್ಲವನ್ನೂ 'ಸೆಕೆಂಡ್' ಅಂತಲೇ ಕರೆಯುತ್ತಾರೆ. ರಿಫರ್ಬಿಶ್ಡ್ ಅಂದರೆ ಸ್ವಲ್ಪ ಬೇರೆ. ಹಳೆಯ ಫೋನನ್ನು ಕೊಂಡವರು ಪರೀಕ್ಷೆ ಮಾಡಿ, ಹಾಳಾದ ಭಾಗ ಬದಲಿಸಿ, ಹಿಂದಿನವನ ಡೇಟಾ ಅಳಿಸಿ, ದರ್ಜೆ ಕೊಟ್ಟು, ಕೆಲವು ತಿಂಗಳ ವಾರಂಟಿ ಜೊತೆ ಮಾರುತ್ತಾರೆ. ಬರೀ ಸೆಕೆಂಡ್ ಆದರೆ ಇದ್ದದ್ದು ಇದ್ದ ಹಾಗೆ, ಅಂಗಡಿ ಮೆಟ್ಟಿಲು ಇಳಿದರೆ ನಿಮ್ಮ ಹಣೆಬರಹ. ದರ್ಜೆ ಅನ್ನುವುದು ಹೆಚ್ಚಾಗಿ ಹೊರಗಿನ ಗೀರಿನ ಲೆಕ್ಕ ಅಂತ ನನಗೆ ಆಮೇಲೆ ತಿಳಿಯಿತು. ಒಳಗಿನ ಗುಣಕ್ಕೂ ಅದಕ್ಕೂ ದೊಡ್ಡ ಸಂಬಂಧ ಇಲ್ಲ. ಗೀರು ಇರುವ ಕಡಿಮೆ ದರ್ಜೆಯದ್ದನ್ನು ತೆಗೆದು ಒಂದು ಕವರು ಹಾಕಿದರೆ ಸಾವಿರ, ಒಂದೂವರೆ ಸಾವಿರ ಉಳಿಯುತ್ತದೆ.

ಮೊದಲ ಸಲ ಆನ್‌ಲೈನಿನಲ್ಲಿ ತರಿಸಿದೆ. ಯಾರ ಹತ್ತಿರ ಅಂತ ಹೇಳುವುದಿಲ್ಲ. ವಿವರದಲ್ಲಿ 'ಡ್ಯುಯಲ್ ಸಿಮ್' ಅಂತ ದಪ್ಪ ಅಕ್ಷರದಲ್ಲಿತ್ತು. ಪೆಟ್ಟಿಗೆ ಬಂತು, ಫೋನು ಫಳಫಳ ಹೊಳೆಯುತ್ತಿತ್ತು. ಪಿನ್ನು ಚುಚ್ಚಿ ಟ್ರೇ ಎಳೆದೆ. ಸಿಮ್ ಕೂರುವ ಗುಂಡಿ ಒಂದೇ. ಹಿಂದೆ ತಿರುಗಿಸಿ ನೋಡಿದೆ, ಬೆಳಕಿಗೆ ಹಿಡಿದೆ, ಫೋನಿನ ಆಚೆ ಬದಿಯಲ್ಲಿ ಇನ್ನೊಂದು ತೂತಿದೆಯೋ ಅಂತ ಬೆರಳಾಡಿಸಿದೆ. ಇಲ್ಲ. *#06# ಒತ್ತಿದೆ. ಎರಡು ಸಿಮ್ಮಿನ ಫೋನಿಗೆ ಎರಡು ಐಎಂಇಐ, ಅಂದರೆ ಫೋನಿನ ಗುರುತಿನ ನಂಬರು, ಇರಬೇಕು, ಒಂದೊಂದಕ್ಕೆ 15 ಅಂಕೆ. ಇದರಲ್ಲಿ ಒಂದೇ ಸಾಲು.

ಆಗಿದ್ದು ಇಷ್ಟು. ಒಂದೇ ಹೆಸರಿನ ಫೋನನ್ನು ಕಂಪನಿಗಳು ಬೇರೆ ಬೇರೆ ದೇಶಕ್ಕೆ ಬೇರೆ ಬೇರೆ ಮಾಡಿ ಕಳಿಸುತ್ತವೆ. ಭಾರತಕ್ಕೆ ಮಾಡಿದ್ದಕ್ಕೆ ಎರಡು ಸಿಮ್ಮು, ಇನ್ಯಾವುದೋ ದೇಶಕ್ಕೆ ಮಾಡಿದ್ದಕ್ಕೆ ಒಂದೇ. ಪೆಟ್ಟಿಗೆಯ ಹೆಸರು ಅದೇ, ಬಣ್ಣ ಅದೇ, ಮಾಡೆಲ್ ನಂಬರಿನ ಬಾಲ ಮಾತ್ರ ಬೇರೆ. ಸ್ಯಾಮ್ಸಂಗಿನ ಹಲವು ಮಾಡೆಲ್ಲುಗಳಲ್ಲಿ ಆ ನಂಬರಿನ ಕೊನೆಗೆ 'ಡಿಎಸ್' ಅಂತ ಇದ್ದರೆ ಎರಡು ಸಿಮ್ಮಿನದ್ದು ಅಂತ ಅರ್ಥ. ಮಾರುವವರು ಭಾರತದ ಮಾಡೆಲ್ಲಿನ ವಿವರ ಎತ್ತಿ ಹೊರಗಿನ ಫೋನಿಗೆ ಅಂಟಿಸಿದ್ದರು. ಬೇಕಂತಲೇ ಮಾಡಿದರೋ, ನೋಡದೆ ಮಾಡಿದರೋ, ನನಗೆ ಹೋದದ್ದು ಎಂಟು ದಿನ. ವಾಪಸು ಒಯ್ಯಲು ಬರುವವನಿಗೆ ನಮ್ಮ ಮನೆ ಸಿಗಲೇ ಇಲ್ಲ. ಕೊನೆಗೆ ಪೆರ್ಲದ ಬಸ್ ಸ್ಟ್ಯಾಂಡಿನಲ್ಲಿ ಕೊಡೆ ಹಿಡಿದು ನಿಂತು ನಾನೇ ಅವನ ಕೈಗೆ ಕೊಟ್ಟೆ. ದುಡ್ಡು ಪೂರ್ತಿ ಬಂತು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಇದರ ನಡುವೆ ಕೆಳಗಿನ ಮನೆಯವರ ಮಗ ಗಲ್ಫಿನಿಂದ ರಜೆಗೆ ಬಂದಿದ್ದ. ಅವನ ಹತ್ತಿರ ಒಂದು ಐಫೋನ್ 14 ಇತ್ತು. ಹೊಸದು ತೆಗೆದದ್ದರಿಂದ ಇದನ್ನು ಕಡಿಮೆಗೆ ಕೊಡುತ್ತೇನೆ ಅಂದ. ನಾನು ಅಭ್ಯಾಸಬಲದಿಂದ ಟ್ರೇ ಹುಡುಕಿದೆ. ಈ ಸಲ ಒಂದು ಗುಂಡಿಯೂ ಇಲ್ಲ! ಅದು ಅಮೆರಿಕದ ಮಾಡೆಲ್. ಅಲ್ಲಿಯ ಐಫೋನ್ 14ರಿಂದ ಸಿಮ್ ಹಾಕುವ ಜಾಗವನ್ನೇ ತೆಗೆದುಬಿಟ್ಟಿದ್ದಾರೆ, ಎಲ್ಲ ಇ-ಸಿಮ್. ಎರಡು ನಂಬರು ಅದರಲ್ಲೂ ನಡೆಯುತ್ತದೆ, ಆದರೆ ಎರಡೂ ಫೋನಿನ ಒಳಗೇ ಕೂರುತ್ತವೆ. ಭಾರತದ ಹೆಚ್ಚಿನ ಐಫೋನಿನಲ್ಲಿ ಎಕ್ಸ್‌ಆರ್, ಎಕ್ಸ್‌ಎಸ್ ಕಾಲದಿಂದ, ಅಂದರೆ 2018ರಿಂದ, ಒಂದು ಮಾಮೂಲು ಸಿಮ್ಮು ಮತ್ತು ಒಂದು ಇ-ಸಿಮ್ಮು ನಡೆಯುತ್ತದೆ.

ಫೋನು ಚೆನ್ನಾಗಿಯೇ ಇತ್ತು. ಆದರೆ ನಾನು ಬೇಡ ಅಂದೆ. ಮಳೆ ಜೋರಿರುವ ಆಟಿ ತಿಂಗಳಲ್ಲಿ ಒಂದು ತೆಂಗಿನ ಮರ ಲೈನಿನ ಮೇಲೆ ಬಿದ್ದರೆ ನಮ್ಮಲ್ಲಿ ಎರಡು ದಿನ ಕರೆಂಟಿಲ್ಲ. ಆಗ ದೊಡ್ಡ ಫೋನಿನ ಜೀವ ಹೋದರೆ ಸಿಮ್ ತೆಗೆದು ಕೀಪ್ಯಾಡ್ ಫೋನಿಗೆ ಹಾಕಿಕೊಳ್ಳುತ್ತೇನೆ. ಇ-ಸಿಮ್ಮನ್ನು ಪಿನ್ನು ಚುಚ್ಚಿ ತೆಗೆಯಲು ಆಗುತ್ತದಾ? ಪೇಟೆಯಲ್ಲಿ ಇರುವವರಿಗೆ ಅದು ಒಳ್ಳೆಯದೇ ಇರಬಹುದು. ಗುಡ್ಡದ ಬುಡದಲ್ಲಿ ಇರುವವನಿಗೆ ಸಿಮ್ಮು ಅಂದರೆ ಕೈಯಲ್ಲಿ ಹಿಡಿಯುವ ಸಾಮಾನೇ ಆಗಬೇಕು.

ಆಮೇಲೆ ಕಾಸರಗೋಡು ಪೇಟೆ. ಹೊಸ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಅಂಗಡಿ. ಅಲ್ಲಿಯ ಹುಡುಗ ನನ್ನ ಜೊತೆ ಕನ್ನಡ, ಪಕ್ಕದವನ ಜೊತೆ ಮಲಯಾಳ, ಫೋನಿನಲ್ಲಿ ಯಾರ ಜೊತೆಯೋ ತುಳು. ನಮ್ಮೂರಿನಲ್ಲಿ ಇದೇನು ದೊಡ್ಡ ಸಂಗತಿಯಲ್ಲ.

"ಎಂತ ಬೇಕು ಭಟ್ರೇ?"

"ಎರಡು ಸಿಮ್ಮು ಆಗುವ ಫೋನು ಬೇಕು ಮಾರಾಯ."

"ಎರಡು ಸಿಮ್ಮು ಎಲ್ಲದರಲ್ಲೂ ಉಂಟು. ಯಾವ ಎರಡು, ಅದು ಹೇಳಿ."

ಆನ್‌ಲೈನಿನಲ್ಲಿ ಒಬ್ಬರೂ ಕೇಳದ ಪ್ರಶ್ನೆ ಇದು. ಬಿಎಸ್ಸೆನ್ನೆಲ್ ಮತ್ತು ಜಿಯೋ ಅಂದೆ. ಅವನು ಗಾಜಿನ ಕೆಳಗಿನಿಂದ ತೆಗೆದಿಟ್ಟಿದ್ದ ನಾಲ್ಕು ಫೋನಿನಲ್ಲಿ ಒಂದನ್ನು ಆಗಲೇ ಬದಿಗೆ ಸರಿಸಿದ. ತುಂಬಾ ಹಳೆಯದ್ದು, ಒಂದು ತೂತಿಗೆ 4ಜಿ, ಇನ್ನೊಂದಕ್ಕೆ ಬರೀ 2ಜಿ, 3ಜಿ. ಜಿಯೋವನ್ನು ಎರಡನೇ ತೂತಿಗೆ ಹಾಕಿದರೆ ನನ್ನ ಕೀಪ್ಯಾಡಿನ ಕಥೆಯೇ.

ಎರಡನೆಯದರ ಟ್ರೇ ಉದ್ದಕ್ಕಿತ್ತು. ಒಂದು ಗುಂಡಿಯಲ್ಲಿ ಸಿಮ್ಮು. ಇನ್ನೊಂದರಲ್ಲಿ ಸಿಮ್ಮು, ಇಲ್ಲದಿದ್ದರೆ ಮೆಮೊರಿ ಕಾರ್ಡು. ಇದಕ್ಕೆ ಹೈಬ್ರಿಡ್ ಅನ್ನುತ್ತಾರಂತೆ. ಒಂದೇ ಕುರ್ಚಿಗೆ ಇಬ್ಬರು ಬಂದ ಹಾಗೆ. ನನ್ನ ಹತ್ತಿರ ಮಗಳ ಭರತನಾಟ್ಯದ ವಿಡಿಯೋ ತುಂಬಿದ 64 ಜಿಬಿಯ ಕಾರ್ಡು ಇದೆ. ಸಿಮ್ಮು ಬಿಡಲೋ, ಭರತನಾಟ್ಯ ಬಿಡಲೋ? ಎರಡು ಸಿಮ್ಮಿಗೂ ಕಾರ್ಡಿಗೂ ಬೇರೆ ಬೇರೆ ಗುಂಡಿ ಇರುವ ಟ್ರೇ ಬೇಕು, ಇಲ್ಲದಿದ್ದರೆ ಫೋನಿನ ಒಳಗೇ 128 ಜಿಬಿ ಜಾಗ ಬೇಕು. ಅದೂ ಬದಿಗೆ ಹೋಯಿತು.

ಉಳಿದ ಎರಡರಲ್ಲಿ ಒಂದು ಮನಸ್ಸಿಗೆ ಬಂತು. ಅದನ್ನು ಕೂತು ನೋಡಿದೆವು. ಮೊದಲು *#06#. ಎರಡು ಐಎಂಇಐ ಬಂತು. ಪರದೆಯಲ್ಲಿ ಬಂದದ್ದು, ಪೆಟ್ಟಿಗೆಯಲ್ಲಿ ಇರುವುದು, ಬಿಲ್ಲಿನಲ್ಲಿ ಬರೆಯುವುದು, ಮೂರೂ ಒಂದೇ ಇರಬೇಕು. ನಂತರ ಆ ಹುಡುಗನೇ ಹೇಳಿದ, "ನಿಮ್ಮ ಫೋನಿನಿಂದಲೇ ಮೆಸೇಜ್ ಹಾಕಿ ನೋಡಿ, ನನ್ನ ಮಾತು ನಂಬ್ಬೇಡಿ." ಕೆವೈಎಂ ಅಂತ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆದು, ಒಂದು ಜಾಗ ಬಿಟ್ಟು, 15 ಅಂಕೆ ಹಾಕಿ 14422ಕ್ಕೆ ಕಳಿಸಬೇಕು. ಇದು ದೂರಸಂಪರ್ಕ ಇಲಾಖೆಯ ವ್ಯವಸ್ಥೆ. ಕದ್ದ ಫೋನನ್ನು ತಡೆಯುವ ಅವರ ಸಂಚಾರ್ ಸಾಥಿ ತಾಣ 2023ರ ಮೇ ತಿಂಗಳಲ್ಲಿ ಬಂದದ್ದು, ಅದರಲ್ಲೂ ಇದನ್ನು ನೋಡಬಹುದು. ಬ್ಲ್ಯಾಕ್‌ಲಿಸ್ಟ್, ಡುಪ್ಲಿಕೇಟ್, ಈಗಾಗಲೇ ಬಳಕೆಯಲ್ಲಿದೆ, ಈ ಮೂರರಲ್ಲಿ ಯಾವುದು ಬಂದರೂ ಫೋನನ್ನು ಕೆಳಗಿಟ್ಟು ಬರಬೇಕು. ಎರಡು ಐಎಂಇಐ ಇದ್ದರೆ ಎರಡನ್ನೂ ಕಳಿಸಬೇಕು. ಕೀಪ್ಯಾಡಿನಲ್ಲಿ 30 ಅಂಕೆ ಒತ್ತುವಾಗ ಹೆಬ್ಬೆರಳು ನೋಯಿತು. ಉತ್ತರದಲ್ಲಿ ಕಂಪನಿಯ ಹೆಸರು, ಮಾಡೆಲ್ ಹೆಸರು ಬಂತು. ಕೈಯಲ್ಲಿದ್ದದ್ದೂ ಅದೇ.

ಟ್ರೇ ತೆಗೆದ ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿದೆ. ಹಲವು ಫೋನಿನಲ್ಲಿ ಅಲ್ಲೊಂದು ಸಣ್ಣ ಬಿಳಿ ಚೀಟಿ ಇರುತ್ತದೆ. ನೀರು ತಾಗಿದರೆ ಕೆಂಪಾಗುತ್ತದೆ. ಇದರಲ್ಲಿ ಬಿಳಿಯೇ ಇತ್ತು. ನೀಲಿಯಾದರೆ ನಮ್ಮ ಕಡೆಯ ಫೋನು ಅಂತ ತಿಳಿಯಬೇಕು ಅಂದೆ. ಹುಡುಗನಿಗೆ ಅರ್ಥ ಆಗಲಿಲ್ಲ, ಡ್ರಮ್ಮಿನ ಕಥೆ ಹೇಳಿದ ಮೇಲೆ ನಕ್ಕ. ಪರದೆಯಲ್ಲಿ ಪೂರ್ತಿ ಬಿಳಿ ಚಿತ್ರ ತೆರೆದು ಗೆರೆ ಇದೆಯೋ ನೋಡಿದೆವು. ಸ್ಪೀಕರು, ಮೈಕು, ಕ್ಯಾಮೆರಾ ಎಲ್ಲ ಐದು ನಿಮಿಷದ ಕೆಲಸ. ಹಿಂದಿನವನ ಗೂಗಲ್ ಖಾತೆ ಅದರಲ್ಲಿ ಉಳಿದಿಲ್ಲ ಅನ್ನುವುದನ್ನು ಮಾತ್ರ ಕಣ್ಣಾರೆ ನೋಡಬೇಕು. ಅದು ಉಳಿದಿದ್ದು ಯಾರಾದರೂ ಬಟನ್ ಒತ್ತಿ ರಿಸೆಟ್ ಮಾಡಿದ್ದರೆ, ಮುಂದೆ ಅವನ ಪಾಸ್‌ವರ್ಡ್ ಇಲ್ಲದೆ ಫೋನು ತೆರೆಯುವುದಿಲ್ಲ.

ಎರಡು ಸಿಮ್ಮನ್ನೂ ಹಾಕಿ ಎರಡರಿಂದಲೂ ಹೆಂಡತಿಗೆ ಕರೆ ಮಾಡಿದೆ. (ಜಿಯೋ ಸಿಮ್ಮನ್ನು ಅವಳ ಫೋನಿನಿಂದ ಬೆಳಿಗ್ಗೆಯೇ ಬಿಡಿಸಿ ತಂದಿದ್ದೆ. "ಇನ್ನು ನಿಮ್ಮ ನೆಂಟರನ್ನು ನೀವೇ ಮಾತಾಡಿಸಿ" ಅಂದಿದ್ದಳು.) ಎರಡರಲ್ಲೂ 4ಜಿ ಅಂತ ಬಂತು. ಮೂರು ದಿನ ನೋಡಿ, ಸರಿ ಬಾರದಿದ್ದರೆ ಬದಲಿಸಿ ಕೊಡುತ್ತೇನೆ ಅಂತ ಅವನು ಬಿಲ್ಲಿನ ಹಿಂದೆ ಬರೆದುಕೊಟ್ಟ. ಆ ಬರಹಕ್ಕೆ ನಾನು ಈಗಲೂ ಋಣಿ.

ಯಾಕೆಂದರೆ ಮನೆಗೆ ಬಂದರೆ ಜಿಯೋ ಸರಿ ಇದೆ, ಬಿಎಸ್ಸೆನ್ನೆಲ್ ಪಕ್ಕದಲ್ಲಿ 'ಇ' ಅಂತ ಕೂತಿದೆ, ಅಂದರೆ 2ಜಿಯ ಆಮೆ ನಡಿಗೆ. ಯುಪಿಐ ತೆರೆಯಲು ಹೊರಟರೆ ಬಿಳಿ ಪರದೆಯಲ್ಲಿ ಚಕ್ರ ತಿರುಗುತ್ತದೆ. ತೂತು ಅದಲು ಬದಲು ಮಾಡಿದೆ. ಹಾಗೇ. ಜಗಲಿ, ಅಂಗಳ, ಹಟ್ಟಿಯ ಹಿಂದೆ, ಎಲ್ಲ ಕಡೆ ನಡೆದೆ. ಹಾಗೇ. ಕಾಲೇಜಿನಿಂದ ಬಂದಿದ್ದ ಮಗಳು ಅದೇ ಸಿಮ್ಮನ್ನು ತನ್ನ ಫೋನಿಗೆ ಹಾಕಿದಳು. ನಿಂತಲ್ಲೇ 4ಜಿ ಬಂತು! ಅಂದರೆ ಸಿಮ್ಮಿನ ತಪ್ಪಲ್ಲ, ಟವರಿನದ್ದೂ ಅಲ್ಲ.

ರಾತ್ರಿ ಅಳಿಯನಿಗೆ ವಿಡಿಯೋ ಕಾಲ್ ಮಾಡಿದೆವು. ಅವನು ಫೋನಿನ ಮಾಡೆಲ್ ನಂಬರು ಕೇಳಿ, ಕಂಪನಿಯ ತಾಣದಲ್ಲಿ ಏನೋ ಹುಡುಕಿ, "ಮಾವ, ಇದರಲ್ಲಿ ಬ್ಯಾಂಡ್ 28 ಇಲ್ಲ" ಅಂದ. ಬ್ಯಾಂಡು ಅಂದರೆ ನನಗೆ ಗೊತ್ತಿದ್ದದ್ದು ಮದುವೆ ದಿಬ್ಬಣದ್ದು. ಅವನು ಬಿಡಿಸಿ ಹೇಳಿದ್ದು ಹೀಗೆ. ಬಿಎಸ್ಸೆನ್ನೆಲ್ 4ಜಿ ಮುಖ್ಯವಾಗಿ ಎರಡು ಅಲೆಯಲ್ಲಿ ಬರುತ್ತದೆ. ಒಂದು 2100 ಮೆಗಾಹರ್ಟ್ಸ್, ಅದು ಬ್ಯಾಂಡ್ 1. ಇನ್ನೊಂದು 700 ಮೆಗಾಹರ್ಟ್ಸ್, ಅದು ಬ್ಯಾಂಡ್ 28. ಮೆಗಾಹರ್ಟ್ಸ್ ಸಣ್ಣದಾದಷ್ಟೂ ಅಲೆ ದೂರ ಹೋಗುತ್ತದೆ, ಮರ ಗೋಡೆ ದಾಟುತ್ತದೆ. ಪೇಟೆಯಲ್ಲಿ ಟವರು ಹತ್ತಿರ, ಹಾಗಾಗಿ 2100 ಸಿಕ್ಕಿತು, ಅಂಗಡಿಯಲ್ಲಿ 4ಜಿ ಕಂಡಿತು. ನಮ್ಮ ಮನೆ ಗುಡ್ಡದ ಈಚೆ ತಗ್ಗಿನಲ್ಲಿ. ಇಲ್ಲಿಗೆ ತಲಪುವುದು 700 ಮಾತ್ರ. ಆ 700 ಈ ಫೋನಿಗೆ ಕೇಳಿಸುವುದೇ ಇಲ್ಲ. ಬಿಎಸ್ಸೆನ್ನೆಲ್ 4ಜಿಗೆ ದೇಶದ ಮಟ್ಟದ ಉದ್ಘಾಟನೆ ಆದದ್ದು 2025ರ ಸೆಪ್ಟೆಂಬರಿನಲ್ಲಿ. ಅದಕ್ಕೆ ನಾಲ್ಕೈದು ವರ್ಷ ಮೊದಲು ಫೋನು ಮಾಡಿದವರು 700ನ್ನು ಬಿಟ್ಟಿದ್ದರೆ ಆಶ್ಚರ್ಯ ಏನಿಲ್ಲ. ಹೊಸ ಫೋನು ಕೊಳ್ಳುವವನಿಗಿಂತ ಹಳೆಯದು ಕೊಳ್ಳುವವನಿಗೆ ಈ ತಲೆನೋವು ಜಾಸ್ತಿ.

ಮರುದಿನ ಮತ್ತೆ ಬಸ್ಸು ಹತ್ತಿದೆ. ಬದಿಯಡ್ಕದಲ್ಲಿ ಅರ್ಧ ಗಂಟೆ ಕಾದೆ, ಮಳೆಯೋ ಮಳೆ. ಹುಡುಗ ಬೇಸರ ಮಾಡಲಿಲ್ಲ. "ಬ್ಯಾಂಡ್ ಕೇಳಿಕೊಂಡು ಬಂದ ಮೊದಲ ಗಿರಾಕಿ ನೀವು ಭಟ್ರೇ" ಅಂದ. ನಾಲ್ಕನೇ ಫೋನಿನ ಮಾಡೆಲ್ ನಂಬರನ್ನು ಅಲ್ಲಿಂದಲೇ ಅಳಿಯನಿಗೆ ಕಳಿಸಿದೆ. ಬ್ಯಾಂಡ್ 1, 28 ಎರಡೂ ಇತ್ತು. ಟ್ರೇಯಲ್ಲಿ ಮೂರು ಗುಂಡಿ. ಬೆನ್ನಿನ ಮೇಲೆ ಉಗುರಿನಲ್ಲಿ ಕೆರೆದ ಹಾಗೆ ಒಂದು ಗೀರು, ಅದಕ್ಕಾಗಿ ದರ್ಜೆ ಕಡಿಮೆ. ಬ್ಯಾಟರಿ ಹೊಸದು ಹಾಕಿದ್ದಕ್ಕೆ ಚೀಟಿ ತೋರಿಸಿದ. ಒಂಬತ್ತು ಸಾವಿರದ ಇನ್ನೂರು, ಆರು ತಿಂಗಳ ವಾರಂಟಿ. ಎರಡು ಐಎಂಇಐಯನ್ನೂ ಬಿಲ್ಲಿನಲ್ಲಿ ಬರೆಸಿಕೊಂಡೆ. ಫೋನಿನ ಹೆಸರು ಇಲ್ಲಿ ಹೇಳುವುದಿಲ್ಲ. ಅದೇ ಹೆಸರಿನದ್ದು ನಿಮಗೆ ಸಿಕ್ಕರೆ ಅದು ಯಾವ ದೇಶದ್ದೋ, ಯಾವ ಬ್ಯಾಂಡಿನದ್ದೋ. ಮಾಡೆಲ್ ನಂಬರು ನೋಡಿ ತೆಗೆಯಿರಿ.

ಮನೆಗೆ ಬಂದು ತಗ್ಗಿನಲ್ಲೇ ನಿಂತು ನೋಡಿದೆ. ಎರಡಕ್ಕೂ 4ಜಿ.

ಹೊಂದಿಸುವುದರಲ್ಲೂ ಒಂದು ದಿನ ಹೋಯಿತು. ಯುಪಿಐ ಆ್ಯಪು ಶುರು ಮಾಡುವಾಗ ಬ್ಯಾಂಕಿಗೆ ಕೊಟ್ಟ ನಂಬರಿನಿಂದಲೇ ಒಂದು ಎಸ್ಸೆಮ್ಮೆಸ್ ತಾನಾಗಿ ಹೋಗಬೇಕು. ನಾನು ನೋಡದೆ ಜಿಯೋ ಒತ್ತಿದ್ದೆ. ಎರಡು ಸಲ 'ಆಗಲಿಲ್ಲ' ಅಂತ ಬಂತು. ಬಿಎಸ್ಸೆನ್ನೆಲ್ ಆರಿಸಿದ ಮೇಲೆ ಸರಿಯಾಯಿತು, ಆ ಸಿಮ್ಮಿನಲ್ಲಿ ಮೆಸೇಜು ಹೋಗುವಷ್ಟು ದುಡ್ಡು ಇರಬೇಕು ಅಷ್ಟೆ. ವಾಟ್ಸಾಪ್ 2023ರ ಕೊನೆಯಿಂದ ಒಂದೇ ಆ್ಯಪಿನಲ್ಲಿ ಎರಡು ಖಾತೆಗೆ ಜಾಗ ಕೊಟ್ಟಿದೆ. ಹಾಗಾಗಿ ಪಂಚಾಯತಿನ ಗುಂಪೂ ಮಾವನ ಮನೆಯ ಗುಂಪೂ ಈಗ ಬೇರೆ ಬೇರೆ ಕೋಣೆಯಲ್ಲಿವೆ. ಒಮ್ಮೆ ಕುಟುಂಬದ ಗುಂಪಿಗೆ ಹಾಕಬೇಕಾದ ಹಲಸಿನ ಹಪ್ಪಳದ ಫೋಟೋವನ್ನು ವಾರ್ಡಿನ ಗುಂಪಿಗೆ ಹಾಕಿದ್ದೆ. ಅದಿನ್ನು ಆಗಲಿಕ್ಕಿಲ್ಲ.

ಒಂದು ಕೊರತೆ ಉಳಿದಿದೆ. ನಾನು ಒಂದು ಸಿಮ್ಮಿನಲ್ಲಿ ಮಾತಾಡುವಾಗ ಇನ್ನೊಂದಕ್ಕೆ ಕರೆ ಮಾಡಿದವರಿಗೆ ಫೋನು ಸಿಗುವುದಿಲ್ಲ ಅಂತ ಹೇಳುತ್ತದೆ. ಇಂಥ ಫೋನಿನಲ್ಲಿ ಎರಡು ಸಿಮ್ಮು ಇದ್ದರೂ ಅಲೆ ಹಿಡಿಯುವ ರೇಡಿಯೋ ಒಂದೇ. ಸುಮ್ಮನಿರುವಾಗ ಎರಡಕ್ಕೂ ಕಿವಿ ಕೊಡುತ್ತದೆ, ಮಾತಿಗೆ ಕೂತರೆ ಒಬ್ಬರಿಗೆ ಮಾತ್ರ. ವಿಟ್ಲದ ಭಾವ ಎರಡು ಸಲ ದೂರಿದರು. "ಭಾವ, ನೀವು ಹೊಸ ಫೋನು ತೆಗೆದದ್ದು ಸ್ವಿಚ್ ಆಫ್ ಮಾಡಿಡ್ಲಿಕ್ಕಾ?" ಈಗ ಸಿಗದಿದ್ದರೆ ಕರೆ ಇನ್ನೊಂದು ನಂಬರಿಗೆ ಹೋಗುವ ಹಾಗೆ ಫಾರ್ವರ್ಡ್ ಹಾಕಿಟ್ಟಿದ್ದೇನೆ. ಮಾತಿನ ನಡುವೆ ಟುಂಯ್ ಟುಂಯ್ ಅಂತ ಕೇಳುತ್ತದೆ. ಆಗ ಮುಗಿಸಿ ಅವರಿಗೆ ಮಾಡುತ್ತೇನೆ.

ರಿಂಗ್‌ಟೋನನ್ನೂ ಬೇರೆ ಮಾಡಿದ್ದೇವೆ. ಕೇರಳದ ನಂಬರಿಗೆ ಚೆಂಡೆ, ಕರ್ನಾಟಕದ್ದಕ್ಕೆ ಕೋಗಿಲೆ. ಮಗಳು ಹಾಕಿಕೊಟ್ಟದ್ದು. ಮೊನ್ನೆ ಬಿಸಿಲು ಬಂತು, ತೋಟದ ಕೊನೆಯ ಎರಡು ಸಾಲಿಗೆ ಉಳಿದಿದ್ದ ಮದ್ದು ಕದಡುತ್ತಿದ್ದೆ. ಫೋನು ಜಗಲಿಯ ಗಿಳಿಗೂಟದಲ್ಲಿ, ಬಟ್ಟೆಯ ಚೀಲದೊಳಗೆ. ಅದನ್ನು ಹೆಂಡತಿಯೇ ತೂಗುಹಾಕಿದ್ದು.

"ಇಕೊಳ್ಳಿ, ಚೆಂಡೆ ಬಡಿತಾ ಉಂಟು!"

"ಬ್ಯಾಂಕಿನದ್ದಾಗಿರ್ಬೇಕು, ಬಡಿಯಲಿ."

ಸ್ವಲ್ಪ ಹೊತ್ತಿನಲ್ಲಿ ಕೋಗಿಲೆ ಕೂಗಿತು. ಕೋಲನ್ನು ಡ್ರಮ್ಮಿಗೆ ಒರಗಿಸಿ, ಕೈ ತೊಳೆದು ಹೋದೆ. ಹೋಗುವಷ್ಟರಲ್ಲಿ ಅವಳೇ ಎತ್ತಿ ಅಣ್ಣನ ಹತ್ತಿರ ಮಾತಿಗೆ ಕೂತಾಗಿತ್ತು.